ಕ್ವೆರಿ ಓಡುತ್ತದೆ, ಉತ್ತರ ತಪ್ಪು: ಎಸ್‌ಕ್ಯೂಎಲ್ ಕೈಪಿಡಿಗಳಲ್ಲಿ ದೋಷ ಎಲ್ಲಿ ಅಡಗಿರುತ್ತದೆ?

ರಾಯಚೂರಿನ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಒಂದು ದಲಾಲಿ ಅಂಗಡಿ. ಹತ್ತಿ ಸೀಜನ್ ಮುಗಿಯುವ ಹೊತ್ತು. ಅಲ್ಲಿನ ಲೆಕ್ಕದ ಸಾಫ್ಟ್‌ವೇರ್ ಬರೆದವನು ನಾನೇ. ಸಾಹುಕಾರರು ಅವತ್ತು ಕೇಳಿದ್ದು ಸರಳ ಪ್ರಶ್ನೆ. ಯಾವ್ಯಾವ ರೈತರಿಗೆ ಇನ್ನೂ ಹಣ ಕೊಡಬೇಕು? ನಾನು ಕ್ವೆರಿ, ಅಂದರೆ ಲೆಕ್ಕ ಇಟ್ಟಿರುವ ಡೇಟಾಬೇಸ್‌ಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಕೇಳುವ ಪ್ರಶ್ನೆ, ಬರೆದು ಓಡಿಸಿದೆ. ಎರರ್ ಏನೂ ಬರಲಿಲ್ಲ. ಉತ್ತರದಲ್ಲಿ ಒಂದು ಸಾಲೂ ಇರಲಿಲ್ಲ. ಅಂದರೆ ಯಾರಿಗೂ ಬಾಕಿ ಇಲ್ಲ.

ಪಕ್ಕದಲ್ಲಿ ಪಟ್ಟಿ ಬರೆಯುತ್ತಿದ್ದ ಗುಮಾಸ್ತರು ಪರದೆ ನೋಡಿ, "ಹೆಂಗ್ರೀ ಸರ್? ಹೊರಗ ಇಬ್ರು ರೊಕ್ಕಕ್ಕಂತ ಕುಂತಾರಲ್ರೀ" ಅಂದರು.

ಹೊರಗೆ ನಿಜಕ್ಕೂ ಇಬ್ಬರು ಕೂತಿದ್ದರು. ಒಬ್ಬರು ಮಾನ್ವಿ ಕಡೆಯವರು, ಬೆಳಿಗ್ಗೆಯ ಬಸ್ಸಿಗೆ ಬಂದವರು. ಗುಮಾಸ್ತರು ಆ ಮಾತು ಆಡದೇ ಇದ್ದಿದ್ದರೆ ಕಂಪ್ಯೂಟರ್ ಹೇಳಿದ್ದೇ ಲೆಕ್ಕ ಅಂತಾಗಿ, ಅವರಿಬ್ಬರೂ ಸುಮ್ನೆ ವಾದ ಮಾಡಬೇಕಾಗುತ್ತಿತ್ತು.

ಆ ಕ್ವೆರಿಯನ್ನು ನಾನು ಒಂದು ತರಬೇತಿ ಪುಸ್ತಿಕೆಯಿಂದ ಕಲಿತಿದ್ದೆ. "ಒಂದು ಟೇಬಲ್‌ನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಸಾಲುಗಳು ಬೇಕಾದರೆ ನಾಟ್ ಇನ್ ಬಳಸಿ" ಅಂತ ಅದರಲ್ಲಿತ್ತು. ಕೆಳಗೆ ಒಂದು ಉದಾಹರಣೆ, ಅದರ ಸರಿಯಾದ ಉತ್ತರ. ಅದರಲ್ಲಿ ಸುಳ್ಳು ಅನ್ನುವಂಥ ಒಂದು ವಾಕ್ಯವೂ ಇರಲಿಲ್ಲ. ಆದರೂ ಅದನ್ನು ನಂಬಿದ ಲೆಕ್ಕ ತಪ್ಪಿತು.

ಡೇಟಾಬೇಸ್ ಕೈಪಿಡಿಗಳ ದೋಷಗಳ ಬಗ್ಗೆ ನನಗೆ ಹೇಳಬೇಕಾಗಿರುವುದು ಇದನ್ನೇ. ಅಕ್ಷರ ತಪ್ಪು, ಕಾಮಾ ತಪ್ಪು ಇದ್ದರೆ ಕಂಪ್ಯೂಟರ್ ತಕ್ಷಣ ಎರರ್ ತೋರಿಸುತ್ತದೆ, ನಾವು ತಿದ್ದಿಕೊಳ್ಳುತ್ತೇವೆ. ಭಯ ಪಡಬೇಕಾದದ್ದು ಎರರ್ ಇಲ್ಲದೆ ಓಡಿ ತಪ್ಪು ಉತ್ತರ ಕೊಡುವ ಉದಾಹರಣೆಗೆ. ಅಂಥ ಉದಾಹರಣೆಗಳಲ್ಲಿ ಹೆಚ್ಚಿನವು ಒಂದು ಷರತ್ತಿನಲ್ಲಿ, ಒಂದು ವರ್ಷನ್‌ನಲ್ಲಿ, ಒಂದು ಡೇಟಾಬೇಸ್‌ನಲ್ಲಿ ಪೂರ್ತಿ ಸರಿಯಾಗಿರುತ್ತವೆ. ಆ ಷರತ್ತನ್ನು ಬರೆದವರು ಹೇಳಿರುವುದಿಲ್ಲ, ಇಲ್ಲವೇ ಹೇಳಿದ್ದನ್ನು ನಾವು ಓದಿರುವುದಿಲ್ಲ.

(ಇಲ್ಲಿ ಎಸ್‌ಕ್ಯೂಎಲ್ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲೇ ಹೊಡೆಯಬೇಕು.)

ಹೆಸರಿಲ್ಲದ ಚೀಲ

ಅವತ್ತಿನ ಕ್ವೆರಿ ಹೀಗಿತ್ತು:

ಸೆಲೆಕ್ಟ್ * ಫ್ರಮ್ ರೈತರು ವೇರ್ ಕೋಡ್ ನಾಟ್ ಇನ್ (ಸೆಲೆಕ್ಟ್ ರೈತ_ಕೋಡ್ ಫ್ರಮ್ ಪಾವತಿ)

ರೈತರ ಟೇಬಲ್‌ನಲ್ಲಿ ನಾಲ್ಕೇ ಜನ ಇದ್ದಾರೆ ಅಂದುಕೊಳ್ಳೋಣ. ಅವರ ಕೋಡ್ 3, 5, 7, 9. ಪಾವತಿ ಟೇಬಲ್‌ನಲ್ಲಿ ಮೂರು ಸಾಲು. ಒಂದು 3ಕ್ಕೆ, ಒಂದು 5ಕ್ಕೆ. ಮೂರನೆಯದರಲ್ಲಿ ರೈತ ಕೋಡ್ ಖಾಲಿ. ಸಂಜೆ ಗಡಿಬಿಡಿಯಲ್ಲಿ ನಗದು ಕೊಟ್ಟು, "ಕೋಡ್ ಆಮೇಲೆ ತುಂಬಿದರಾಯ್ತು" ಅಂತ ಬಿಟ್ಟದ್ದು. ಅಂಗಡಿಯಲ್ಲಿ ಇದು ದಿನಾ ಆಗುವ ಮಾತು. ಆ ಖಾಲಿ ಜಾಗಕ್ಕೆ ಡೇಟಾಬೇಸ್‌ನಲ್ಲಿ ನಲ್ ಅನ್ನುತ್ತಾರೆ.

ಈಗ ಕಂಪ್ಯೂಟರ್ 7ನೇ ರೈತರ ಸಾಲು ಎತ್ತಿಕೊಳ್ಳುತ್ತದೆ. 7 ಮತ್ತು 3 ಬೇರೆಯೇ? ಹೌದು. 7 ಮತ್ತು 5 ಬೇರೆಯೇ? ಹೌದು. 7 ಮತ್ತು ನಲ್ ಬೇರೆಯೇ? ಇಲ್ಲಿ ಅದು ಹೌದು ಅನ್ನುವುದಿಲ್ಲ, ಅಲ್ಲ ಅಂತಲೂ ಅನ್ನುವುದಿಲ್ಲ. "ಗೊತ್ತಿಲ್ಲ" ಅನ್ನುತ್ತದೆ.

ಗಂಜ್‌ನಲ್ಲಿ ಗುರುತು ಅಳಿಸಿಹೋದ ಒಂದು ಚೀಲ ಬಿದ್ದಿದೆ ಅಂದುಕೊಳ್ಳಿ. "ಇದು ಮಲ್ಲಪ್ಪನದಲ್ಲ ಅಂತ ಗ್ಯಾರಂಟಿ ಹೇಳ್ತೀಯಾ?" ಅಂತ ಹಮಾಲಿಯನ್ನು ಕೇಳಿದರೆ ಅವನು ಏನು ಹೇಳಬೇಕು? ಅವನದ್ದೂ ಇರಬಹುದು, ಬೇರೆಯವರದ್ದೂ ಇರಬಹುದು. ಪ್ರಾಮಾಣಿಕ ಉತ್ತರ "ಗೊತ್ತಿಲ್ಲ" ಅನ್ನುವುದೇ. ಕಂಪ್ಯೂಟರ್ ಕೊಟ್ಟದ್ದೂ ಅದೇ ಉತ್ತರ.

ಮೂರೂ ಉತ್ತರ ಸೇರಿಸಿದರೆ: ಹೌದು, ಹೌದು, ಗೊತ್ತಿಲ್ಲ. ಒಟ್ಟು ಫಲ "ಗೊತ್ತಿಲ್ಲ". ವೇರ್ ಅನ್ನುವ ಬಾಗಿಲು ಖಚಿತ "ಹೌದು" ಇದ್ದವರನ್ನು ಮಾತ್ರ ಒಳಗೆ ಬಿಡುತ್ತದೆ. ಹಾಗಾಗಿ 7 ಹೊರಗೆ. 9 ಕೂಡ ಹೊರಗೆ. 3 ಮತ್ತು 5 ಪಾವತಿ ಆದವರು, ಅವರು ಹೇಗೂ ಬರುವುದಿಲ್ಲ. ಉಳಿದದ್ದು ಖಾಲಿ ಪರದೆ. ಒಂದೇ ಒಂದು ಖಾಲಿ ಕೋಡ್ ಇಡೀ ಬಾಕಿ ಪಟ್ಟಿಯನ್ನು ನುಂಗಿತು.

ಇದಕ್ಕೆ ಪರಿಹಾರ ನಾಟ್ ಎಗ್ಸಿಸ್ಟ್ಸ್. ಅದು ಕೇಳುವ ಪ್ರಶ್ನೆಯೇ ಬೇರೆ: "ಪಾವತಿ ಟೇಬಲ್‌ನಲ್ಲಿ 7 ಅಂತ ಇರುವ ಸಾಲು ಒಂದಾದರೂ ಸಿಕ್ಕಿತಾ?" ಖಾಲಿ ಕೋಡಿನ ಸಾಲು 7 ಅಂತ ಖಚಿತವಾಗಿ ಹೊಂದುವುದಿಲ್ಲ, ಆದ್ದರಿಂದ ಸಿಕ್ಕಿದ ಲೆಕ್ಕಕ್ಕೆ ಬರುವುದಿಲ್ಲ. ಒಂದೂ ಸಿಗಲಿಲ್ಲ. ಹಾಗಾದರೆ 7 ಬಾಕಿ. ಅವತ್ತು ಅದನ್ನು ಬದಲಿಸಿ ಓಡಿಸಿದಾಗ ಹನ್ನೊಂದು ಹೆಸರು ಬಂದವು. ಮಾನ್ವಿಯವರ ಹೆಸರು ಮೂರನೆಯದು.

ಪುಸ್ತಿಕೆಯ ಉದಾಹರಣೆ ಯಾಕೆ ಸರಿ ಉತ್ತರ ಕೊಟ್ಟಿತ್ತು? ಅದರ ಟೇಬಲ್‌ನಲ್ಲಿ ಖಾಲಿ ಜಾಗವೇ ಇರಲಿಲ್ಲ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನ ಅಧಿಕೃತ ಕೈಪಿಡಿಯಲ್ಲಿ ಈ ಎಚ್ಚರಿಕೆ ಇದೆ. ನಾಟ್ ಇನ್ ವಿವರಿಸುವ ಜಾಗದಲ್ಲೇ, ಬಲಗಡೆಯ ಪಟ್ಟಿಯಲ್ಲಿ ಒಂದು ನಲ್ ಇದ್ದರೂ ಹೊಂದಿಕೆ ಸಿಗದವರ ಫಲ ನಲ್ ಆಗುತ್ತದೆ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಆದರೆ ಅದು ಮೊದಲ ಸಾಲಿನಲ್ಲಿಲ್ಲ, ಕೆಳಗಿನ ಟಿಪ್ಪಣಿಯಲ್ಲಿದೆ. ಕೈಪಿಡಿಯಿಂದ ಪುಸ್ತಕಕ್ಕೆ, ಪುಸ್ತಕದಿಂದ ತರಬೇತಿ ಪುಸ್ತಿಕೆಗೆ, ಪುಸ್ತಿಕೆಯಿಂದ ಜೆರಾಕ್ಸ್ ನೋಟ್ಸ್‌ಗೆ ಇಳಿಯುವಾಗ ಮೊದಲು ಉದುರುವುದು ಟಿಪ್ಪಣಿ. ಉದಾಹರಣೆ ಮಾತ್ರ ಉಳಿಯುತ್ತದೆ.

ಶೂನ್ಯ ಅನ್ನುವ ಪದ

ನಲ್ ಬಗ್ಗೆ ಇನ್ನೊಂದು ಮಾತು. ಕನ್ನಡದಲ್ಲಿ ಕಲಿಸುವ ನಮಗೆ ಇದು ಜಾಸ್ತಿ ಮುಖ್ಯ.

ನಮ್ಮ ಕಡೆ ಕೈಯಿಂದ ಕೈಗೆ ಓಡಾಡುವ ನೋಟ್ಸ್‌ಗಳಲ್ಲಿ "ನಲ್ ಎಂದರೆ ಶೂನ್ಯ" ಅಂತ ಬರೆದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬರೆದವರ ಮನಸ್ಸಿನಲ್ಲಿ "ಏನೂ ಇಲ್ಲ" ಅನ್ನುವ ಅರ್ಥ ಇದ್ದಿರಬಹುದು. ಆದರೆ ಓದುವ ಹುಡುಗರಿಗೆ ಶೂನ್ಯ ಅಂದರೆ ಸೊನ್ನೆ. ಸೊನ್ನೆ ಒಂದು ಬೆಲೆ. ಅಳೆದು ನೋಡಿ ಸಿಕ್ಕ ಉತ್ತರ. ನಲ್ ಅಂದರೆ ಅಳತೆಯೇ ಆಗಿಲ್ಲ, ಅಥವಾ ಬರೆದಿಲ್ಲ.

ಮೂರು ಲಾಟು ಹತ್ತಿ ಬಂದಿದೆ. ಮೊದಲನೆಯದರ ತೇವಾಂಶ 8, ಎರಡನೆಯದು 10, ಮೂರನೆಯದನ್ನು ಮೀಟರ್ ಹಾಕಿ ನೋಡಿಲ್ಲ. ಎಸ್‌ಕ್ಯೂಎಲ್‌ನ ಎವಿಜಿ ಫಂಕ್ಷನ್ ಸರಾಸರಿ ಎಷ್ಟು ಕೊಡುತ್ತದೆ? 9. ಯಾಕೆಂದರೆ ಅದು ನಲ್ ಸಾಲನ್ನು ಬಿಟ್ಟು ಎರಡರಿಂದ ಭಾಗಿಸುತ್ತದೆ. ನಲ್ ಅಂದರೆ ಸೊನ್ನೆ ಅಂತ ಕಲಿತ ಹುಡುಗ 6 ಬರಬೇಕು ಅಂತ ಕಾಯುತ್ತಾನೆ. ಅಥವಾ ಅದಕ್ಕಿಂತ ಕೆಟ್ಟದ್ದು, ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿಬಿಡುತ್ತಾನೆ. ಆಗ ಸರಾಸರಿ ನಿಜಕ್ಕೂ 6 ಆಗುತ್ತದೆ, ಒದ್ದೆ ಹತ್ತಿ ಕಾಗದದ ಮೇಲೆ ಒಣಗಿಬಿಡುತ್ತದೆ. ಸಾಲು ಎಣಿಸುವ ಕೌಂಟ್ ಕೂಡ ಹಾಗೆ. ಕೌಂಟ್ ಸ್ಟಾರ್ ಅಂದರೆ 3, ಕೌಂಟ್ ತೇವಾಂಶ ಅಂದರೆ 2.

ಒಂದೇ ಒಂದು ಅನುವಾದದ ಪದ ಇಷ್ಟು ದೂರ ಹೋಗುತ್ತದೆ. ನಾನು ಈಗ ಕಲಿಸುವಾಗ ನಲ್ ಅನ್ನು ನಲ್ ಅಂತಲೇ ಬಿಡುತ್ತೇನೆ. ಅರ್ಥ ಕೇಳಿದರೆ "ಗೊತ್ತಿಲ್ಲ" ಅನ್ನುತ್ತೇನೆ. ಆರೇಕಲ್ ಅನ್ನುವ ಡೇಟಾಬೇಸ್‌ನಲ್ಲಿ ಇದಕ್ಕೊಂದು ಬಾಲವಿದೆ: ಅಲ್ಲಿ ಏನೂ ಬರೆಯದ ಖಾಲಿ ಅಕ್ಷರಸಾಲು ಕೂಡ ನಲ್ ಆಗುತ್ತದೆ. ಬೇರೆ ದೊಡ್ಡ ಡೇಟಾಬೇಸ್‌ಗಳಲ್ಲಿ ಎರಡೂ ಬೇರೆ ಬೇರೆ.

ತಿಂಗಳ ಕೊನೆಯ ದಿನ

ಎರಡು ಬೆಲೆಗಳ ನಡುವಿನದನ್ನು ಹುಡುಕುವ ಬಿಟ್ವೀನ್ ಬಗ್ಗೆ ಎಲ್ಲ ಕೈಪಿಡಿಗಳೂ ಒಂದೇ ಮಾತು ಹೇಳುತ್ತವೆ. ಎರಡು ತುದಿಗಳೂ ಸೇರಿ. ನಿಜ. 1ರಿಂದ 31ರ ನಡುವೆ ಅಂದರೆ 1 ಕೂಡ ಬರುತ್ತದೆ, 31 ಕೂಡ ಬರುತ್ತದೆ.

ಅಕ್ಟೋಬರ್ ತಿಂಗಳ ಆವಕ ಬೇಕು ಅಂತ ಬಿಟ್ವೀನ್ '2023-10-01' ಅಂಡ್ '2023-10-31' ಅಂತ ಬರೆಯುತ್ತೇವೆ. ಆ ಕಾಲಂನಲ್ಲಿ ಬರೀ ದಿನಾಂಕ ಇದ್ದರೆ ಸರಿ. ಆದರೆ ತೂಕದ ಚೀಟಿಯಲ್ಲಿ ಸಮಯವೂ ಇರುತ್ತದೆ. 31ರ ಬೆಳಿಗ್ಗೆ 11:20 ಅಂತ. ಸಮಯ ಬರೆಯದ '2023-10-31' ಅನ್ನು ಡೇಟಾಬೇಸ್ ಆ ದಿನದ ಮಧ್ಯರಾತ್ರಿ 00:00 ಅಂತ ತಿಳಿಯುತ್ತದೆ. ಅಂದರೆ 31ನೇ ತಾರೀಖು ಶುರುವಾದ ಕ್ಷಣಕ್ಕೇ ಗಡಿ ಮುಗಿಯಿತು. ನಡುರಾತ್ರಿ ಗಂಜ್‌ಗೆ ಯಾರು ಹತ್ತಿ ತರುತ್ತಾರೆ? ಆ ದಿನದ ಅಷ್ಟೂ ಲಾಟು ಲೆಕ್ಕದಿಂದ ಹೊರಗೆ ಬೀಳುತ್ತವೆ. ನವೆಂಬರ್ ಲೆಕ್ಕ 1ರಿಂದ ಶುರು, ಅಲ್ಲೂ ಬರುವುದಿಲ್ಲ. ಯಾವ ತಿಂಗಳಿಗೂ ಸೇರದ ದಿನಗಳು ವರ್ಷಕ್ಕೆ ಹನ್ನೆರಡು.

ಸರಿಯಾದ ದಾರಿ ಇದು: ಅಕ್ಟೋಬರ್ 1 ಅಥವಾ ಅದಕ್ಕಿಂತ ಮುಂದೆ, ಆದರೆ ನವೆಂಬರ್ 1ಕ್ಕಿಂತ ಹಿಂದೆ. ತಿಂಗಳಿಗೆ 30 ದಿನವೋ 31 ದಿನವೋ ಅಂತ ಯೋಚಿಸುವ ಕೆಲಸವೂ ತಪ್ಪುತ್ತದೆ. ಪೋಸ್ಟ್‌ಗ್ರೆಸ್ ಬಳಗದವರು "ಇದನ್ನು ಮಾಡಬೇಡಿ" ಅಂತಲೇ ಒಂದು ಪುಟ ಇಟ್ಟಿದ್ದಾರೆ. ನಾಟ್ ಇನ್ ಮತ್ತು ಸಮಯವಿರುವ ಕಾಲಂ ಮೇಲಿನ ಬಿಟ್ವೀನ್, ಎರಡೂ ಆ ಪಟ್ಟಿಯಲ್ಲಿವೆ. ಹೊಸದಾಗಿ ಕಲಿಯುವವರು ಕೈಪಿಡಿಗಿಂತ ಮೊದಲು ಆ ಪುಟ ಓದಿದರೂ ನಷ್ಟವಿಲ್ಲ ಅಂತ ನನಗೆ ಅನ್ನಿಸುತ್ತದೆ.

ಆಗ ಸರಿ, ಈಗ ತಪ್ಪು

2015ರಲ್ಲಿ ಅಚ್ಚಾದ ಒಂದು ಪುಸ್ತಕ ಹೊಸಪೇಟೆ ಬಳ್ಳಾರಿ ಜಿಲ್ಲೆಯಲ್ಲಿದೆ ಅಂದರೆ ಅದು ಸುಳ್ಳಲ್ಲ. ಆಗ ಹಾಗೇ ಇತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಅದು ತಪ್ಪಾಯಿತು. ಪುಸ್ತಕದ ಮೇಲೆ ಇಸವಿ ಇದ್ದರೆ ಓದುವವರು ಅರ್ಥ ಮಾಡಿಕೊಳ್ಳುತ್ತಾರೆ. ಇಸವಿಯ ಪುಟವೇ ಹರಿದುಹೋಗಿದ್ದರೆ?

ಜೆರಾಕ್ಸ್ ನೋಟ್ಸ್‌ನ ಕಥೆ ಇದೇ. ಯಾವ ಡೇಟಾಬೇಸ್, ಯಾವ ವರ್ಷನ್ ಅಂತ ಅದರಲ್ಲಿ ಇರುವುದೇ ಇಲ್ಲ.

ಚೆಕ್ ಅನ್ನುವ ನಿಯಮವನ್ನೇ ನೋಡಿ. ಟೇಬಲ್ ಮಾಡುವಾಗ "ತೂಕ ಸೊನ್ನೆಗಿಂತ ಜಾಸ್ತಿ ಇರಬೇಕು" ಅಂತ ಚೆಕ್ ಹಾಕಿದರೆ ಮೈನಸ್ 5 ಕ್ವಿಂಟಾಲ್ ಅಂತ ಯಾರೂ ತುಂಬುವಂತಿಲ್ಲ. ಪಠ್ಯಪುಸ್ತಕ ಹೇಳುವುದು ಹೀಗೆ. ಸ್ಟ್ಯಾಂಡರ್ಡ್, ಅಂದರೆ ಎಲ್ಲ ಡೇಟಾಬೇಸ್‌ಗಳಿಗೂ ಸೇರಿ ಬರೆದ ಎಸ್‌ಕ್ಯೂಎಲ್ ನಿಯಮ, ಹೇಳುವುದೂ ಹೀಗೆ. ಆದರೆ ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಬಹಳ ವರ್ಷ ಈ ಚೆಕ್ ಅನ್ನು ಓದಿ, ಏನೂ ಹೇಳದೆ, ಪಕ್ಕಕ್ಕಿಡುತ್ತಿತ್ತು. ಎರರ್ ಇಲ್ಲ, ನಿಯಮವೂ ಜಾರಿಯಲ್ಲಿಲ್ಲ. ಅದರ ಕೈಪಿಡಿಯಲ್ಲಿ ಈ ವಿಷಯ ಇತ್ತು, ಚಿಕ್ಕದೊಂದು ವಾಕ್ಯದಲ್ಲಿ. 2019ರಲ್ಲಿ ಬಂದ 8.0.16 ವರ್ಷನ್‌ನಿಂದ ಮಾತ್ರ ಚೆಕ್ ನಿಜವಾಗಿ ಕೆಲಸ ಮಾಡಲು ಶುರುವಾಯಿತು. ಲ್ಯಾಬ್‌ನಲ್ಲಿ ಹಳೆಯ 5.5 ಇಟ್ಟುಕೊಂಡು ಹೊಸ ಪುಸ್ತಕದಿಂದ ಕಲಿತರೆ ಮೈನಸ್ ತೂಕ ಒಳಗೆ ಹೋಗುತ್ತದೆ. ಕಲಿಯುತ್ತಿರುವ ಹುಡುಗಿ ತಾನೇ ತಪ್ಪು ಬರೆದೆ ಅಂದುಕೊಳ್ಳುತ್ತಾಳೆ. ಅವಳದ್ದು ತಪ್ಪಿಲ್ಲ, ಪುಸ್ತಕದ್ದೂ ತಪ್ಪಿಲ್ಲ. ಎರಡರ ನಡುವೆ ವರ್ಷನ್ ನಂಬರ್ ಒಂದು ಕಾಣೆಯಾಗಿದೆ.

ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈ ಕೂಡ ಹೀಗೇ. ಗ್ರೂಪ್‌ಗೆ ಸೇರದ ಕಾಲಂ ಅನ್ನು ಸೆಲೆಕ್ಟ್‌ನಲ್ಲಿ ಹಾಕಿದರೆ ಹಳೆಯ ಮೈಎಸ್‌ಕ್ಯೂಎಲ್ ಆ ಗುಂಪಿನ ಯಾವುದೋ ಒಂದು ಸಾಲಿನ ಬೆಲೆ ಎತ್ತಿ ಕೊಡುತ್ತಿತ್ತು. 5.7ರಿಂದ ಅದು ಸಾಮಾನ್ಯ ಸೆಟ್ಟಿಂಗ್‌ನಲ್ಲೇ ಎರರ್ ಕೊಡುತ್ತದೆ. ಹಳೆಯ ನೋಟ್ಸ್‌ನ ಉದಾಹರಣೆ ಈಗ ಓಡದಿದ್ದರೆ ಬೇಜಾರು ಬೇಡ. ಎರರ್ ಬಂದದ್ದೇ ಒಳ್ಳೆಯದಾಯಿತು.

ಇಲ್ಲಿ ಎಸ್‌ಕ್ಯೂಲೈಟ್ ಅನ್ನುವ ಇನ್ನೊಂದು ಡೇಟಾಬೇಸ್‌ನ ಕೈಪಿಡಿಯನ್ನು ಮನಸ್ಸು ತುಂಬಿ ಹೊಗಳಬೇಕು. ಪ್ರತಿ ಸಾಲನ್ನೂ ಗುರುತಿಸುವ ಪ್ರೈಮರಿ ಕೀ ಇರುವ ಕಾಲಂನಲ್ಲಿ ನಲ್ ಇರಬಾರದು ಅನ್ನುವುದು ಸ್ಟ್ಯಾಂಡರ್ಡ್‌ನ ನಿಯಮ. ಎಸ್‌ಕ್ಯೂಲೈಟ್‌ನಲ್ಲಿ ಹೆಚ್ಚಿನ ಟೇಬಲ್‌ಗಳಲ್ಲಿ ನಲ್ ಹೋಗುತ್ತದೆ. ಯಾಕೆ? ಮೊದಲ ವರ್ಷನ್‌ಗಳಲ್ಲಿ ನಾವು ಮಾಡಿದ ತಪ್ಪು ಅದು, ಈಗ ತಿದ್ದಿದರೆ ಅದನ್ನೇ ನಂಬಿಕೊಂಡ ಹಳೆಯ ಪ್ರೋಗ್ರಾಂಗಳು ಮುರಿಯುತ್ತವೆ, ಅದಕ್ಕೇ ಹಾಗೇ ಬಿಟ್ಟಿದ್ದೇವೆ, ಅಂತ ಅವರೇ ಬರೆದಿದ್ದಾರೆ. ಇಂಥ ವಿಚಿತ್ರಗಳಿಗೆಂದೇ ಒಂದು ಪುಟ ಮೀಸಲಿಟ್ಟಿದ್ದಾರೆ. ತಪ್ಪನ್ನು ಮುಚ್ಚಿಡದೆ ಹೀಗೆ ಎದುರಿಗಿಟ್ಟರೆ ಓದುವವರಿಗೆ ಎಷ್ಟು ಧೈರ್ಯ ಬರುತ್ತದೆ ಅಲ್ವಾ?

ಒಂದೇ ಭಾಷೆ, ಹಲವು ಊರು

ಎಸ್‌ಕ್ಯೂಎಲ್ ಒಂದು ಭಾಷೆ ಅಂತ ನಾವು ಹೇಳುತ್ತೇವೆ. ಕನ್ನಡವೂ ಒಂದೇ. ಆದರೂ ರಾಯಚೂರಿನ ಮಾತು ಮಂಡ್ಯದಲ್ಲಿ ಹಾಗೇ ನಡೆಯುವುದಿಲ್ಲ. ಎಸ್‌ಕ್ಯೂಎಲ್‌ನಲ್ಲೂ ಅಷ್ಟೇ ಅಂತರ ಇದೆ. ಅದಕ್ಕೆ ಅದರ ಹುಟ್ಟೇ ಕಾರಣ.

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಅವರು ದತ್ತಾಂಶವನ್ನು ಟೇಬಲ್‌ಗಳಾಗಿ ನೋಡುವ ಮಾದರಿಯನ್ನು ಒಂದು ಲೇಖನದಲ್ಲಿ ಮುಂದಿಟ್ಟರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಸೀಕ್ವೆಲ್ ಅನ್ನುವ ಭಾಷೆ ತಂದರು. ಆ ಹೆಸರನ್ನು ಬೇರೊಂದು ಕಂಪನಿ ಮೊದಲೇ ಟ್ರೇಡ್‌ಮಾರ್ಕ್ ಮಾಡಿಕೊಂಡಿದ್ದರಿಂದ ಎಸ್‌ಕ್ಯೂಎಲ್ ಅಂತಾಯಿತು. 1979ರಲ್ಲಿ ಆರೇಕಲ್ ಮಾರುಕಟ್ಟೆಗೆ ಬಂತು. ಅಮೆರಿಕದ ಸ್ಟ್ಯಾಂಡರ್ಡ್ ಬಂದದ್ದು 1986ರಲ್ಲಿ, ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ 1987ರಲ್ಲಿ. ಅಂದರೆ ವ್ಯಾಕರಣ ಬರೆಯುವ ಹೊತ್ತಿಗೆ ಒಬ್ಬೊಬ್ಬರೂ ತಮ್ಮ ತಮ್ಮ ರೀತಿಯಲ್ಲಿ ಮಾತಾಡಲು ಶುರು ಮಾಡಿಯಾಗಿತ್ತು. ಗಿರಾಕಿಗಳು ಆ ರೀತಿಗೇ ಪ್ರೋಗ್ರಾಂ ಬರೆದುಕೊಂಡಿದ್ದರು. ಇನ್ನೊಂದು ತೊಡಕು, ಆ ಸ್ಟ್ಯಾಂಡರ್ಡ್‌ನ ಪ್ರತಿ ಓದಬೇಕಾದರೆ ಹಣ ಕೊಟ್ಟು ಕೊಳ್ಳಬೇಕು. ಹಾಗಾಗಿ ಎಲ್ಲರೂ ಓದುವುದು ಒಂದೊಂದು ಕಂಪನಿಯ ಕೈಪಿಡಿಯನ್ನೇ, ಆಮೇಲೆ ಅದೇ ಇಡೀ ಎಸ್‌ಕ್ಯೂಎಲ್ ಅಂದುಕೊಳ್ಳುತ್ತೇವೆ.

'ರಾಯ' || 'ಚೂರು' ಅಂತ ಬರೆಯಿರಿ. ನಡುವೆ ಇರುವುದು ಎರಡು ಉದ್ದ ಗೆರೆ. ಪೋಸ್ಟ್‌ಗ್ರೆಸ್‌ನಲ್ಲಿ ಉತ್ತರ ರಾಯಚೂರು. ಮೈಎಸ್‌ಕ್ಯೂಎಲ್‌ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಉತ್ತರ 0. ಅಲ್ಲಿ ಆ ಗೆರೆಗಳಿಗೆ "ಅಥವಾ" ಅನ್ನುವ ಅರ್ಥ. ಅದು ಎರಡೂ ಪದಗಳನ್ನು ಅಂಕಿ ಮಾಡಲು ನೋಡುತ್ತದೆ, ಎರಡೂ ಸೊನ್ನೆಯಾಗುತ್ತವೆ, ಸೊನ್ನೆ ಅಥವಾ ಸೊನ್ನೆ ಅಂದರೆ ಸೊನ್ನೆ. 151 ರೂಪಾಯಿ ಹಮಾಲಿ ಕೂಲಿಯನ್ನು ಇಬ್ಬರಿಗೆ ಹಂಚಲು 151 / 2 ಅಂದರೆ ಮೈಎಸ್‌ಕ್ಯೂಎಲ್ ಮತ್ತು ಆರೇಕಲ್ 75.5 ಕೊಡುತ್ತವೆ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್, ಎಸ್‌ಕ್ಯೂಎಲ್ ಸರ್ವರ್ 75 ಕೊಟ್ಟು ಎಂಟಾಣೆ ಬಿಟ್ಟುಬಿಡುತ್ತವೆ, ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಅವುಗಳಿಗೆ ಪೂರ್ಣಾಂಕವೇ ಉತ್ತರ. ಎರಡನ್ನೂ ಅವರವರ ಕೈಪಿಡಿ ಸರಿಯಾಗಿಯೇ ಹೇಳುತ್ತದೆ. ಒಂದರ ಕೈಪಿಡಿ ಓದಿ ಇನ್ನೊಂದರಲ್ಲಿ ಬರೆದಾಗಲೇ ಕಷ್ಟ. ಈಗ ಎಐ ಕೇಳಿ ಕ್ವೆರಿ ಬರೆಸುವವರೂ ಇದನ್ನು ನೆನಪಿಡಬೇಕು. ಯಾವ ಡೇಟಾಬೇಸ್, ಯಾವ ವರ್ಷನ್ ಅಂತ ಹೇಳದೆ ಕೇಳಿದರೆ ಅದು ಎರಡು ಊರಿನ ಮಾತು ಬೆರೆಸಿ ಕೊಡಬಹುದು.

ನಮ್ಮ ಅಕ್ಷರ ಎಷ್ಟು ಉದ್ದ?

ಹೆಚ್ಚಿನ ಕೈಪಿಡಿಗಳ ಉದಾಹರಣೆಗಳು ಇಂಗ್ಲಿಷ್‌ನವು. ಇಂಗ್ಲಿಷ್‌ನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್ (ಕಂಪ್ಯೂಟರ್‌ನಲ್ಲಿ ಜಾಗ ಅಳೆಯುವ ಅಳತೆ) ಸಾಕು. ಹಾಗಾಗಿ ಅಕ್ಷರ ಎಣಿಸಿದರೂ ಒಂದೇ, ಬೈಟ್ ಎಣಿಸಿದರೂ ಒಂದೇ. ಉದಾಹರಣೆಯಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ.

ಈಗ "ರಾಯಚೂರು" ತೆಗೆದುಕೊಳ್ಳಿ. ನಾವು ಬಾಯಲ್ಲಿ ಎಣಿಸಿದರೆ ನಾಲ್ಕು ಅಕ್ಷರ: ರಾ, ಯ, ಚೂ, ರು. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಏಳು, ಯಾಕೆಂದರೆ ದೀರ್ಘ, ಕೊಂಬುಗಳಿಗೆ ಬೇರೆ ಬೇರೆ ಸಂಕೇತ. ಆ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಒಟ್ಟು 21 ಬೈಟ್. ಲೆಂಗ್ತ್ ಅನ್ನುವ ಫಂಕ್ಷನ್ ಪೋಸ್ಟ್‌ಗ್ರೆಸ್‌ನಲ್ಲಿ 7 ಹೇಳುತ್ತದೆ, ಮೈಎಸ್‌ಕ್ಯೂಎಲ್‌ನಲ್ಲಿ 21. ನಾಲ್ಕು ಅಂತ ಎರಡೂ ಹೇಳುವುದಿಲ್ಲ. "ಲೆಂಗ್ತ್ ಎಂದರೆ ಅಕ್ಷರಗಳ ಸಂಖ್ಯೆ" ಅಂತ ಕನ್ನಡ ನೋಟ್ಸ್‌ನಲ್ಲಿ ಬರೆದರೆ ಆ ವಾಕ್ಯ ಕನ್ನಡಕ್ಕೇ ಹೊಂದುವುದಿಲ್ಲ.

ಆರೇಕಲ್‌ನಲ್ಲಿ ಊರಿನ ಹೆಸರಿಗೆ 20 ಅಂತ ಉದ್ದ ಕೊಟ್ಟು ಕಾಲಂ ಮಾಡಿದಿರಿ ಅನ್ನೋಣ. ಬೇರೆ ಏನೂ ಹೇಳದಿದ್ದರೆ ಆ 20 ಬೈಟ್ ಲೆಕ್ಕ. "ಕೊಪ್ಪಳ" 18 ಬೈಟ್, ಒಳಗೆ ಹೋಗುತ್ತದೆ. "ಬಳ್ಳಾರಿ" 21, ಹೋಗುವುದಿಲ್ಲ. "ರಾಯಚೂರು" ಕೂಡ ಹೋಗುವುದಿಲ್ಲ. ಪಕ್ಕಪಕ್ಕದ ಮೂರು ಜಿಲ್ಲೆಗಳಲ್ಲಿ ಒಂದಕ್ಕೆ ಮಾತ್ರ ಜಾಗ!

ಕೊಪ್ಪಳಕ್ಕೂ ತನ್ನದೇ ತೊಂದರೆ ಇದೆ. "ಕೊ" ಅನ್ನುವುದನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒ ಸ್ವರಚಿಹ್ನೆಗೆ ಒಂದೇ ಸಂಕೇತ, ಅಥವಾ ಎತ್ವದ ಮುಂದೆ ದೀರ್ಘದ ಕೊಂಬು ಸೇರಿಸಿ ಎರಡು ಸಂಕೇತ. ಪರದೆಯಲ್ಲಿ ಎರಡೂ ತದ್ರೂಪ. ಆದರೆ ಸಂಕೇತಗಳನ್ನೇ ಹೋಲಿಸಿ ನೋಡುವ ಡೇಟಾಬೇಸ್‌ಗೆ ಎರಡೂ ಬೇರೆ ಪದ. ಎರಡು ಕಡೆಯಿಂದ ಬಂದ ಡೇಟಾ ಸೇರಿಸಿದಾಗ ಕಣ್ಣಿಗೆ ಕಾಣುವ ಕೊಪ್ಪಳವೇ ಹುಡುಕಿದರೆ ಸಿಗದೇ ಹೋಗಬಹುದು. 2020ರ ಪೋಸ್ಟ್‌ಗ್ರೆಸ್ 13ರಲ್ಲಿ ಇದಕ್ಕೆಂದೇ ನಾರ್ಮಲೈಜ್ ಅನ್ನುವ ಫಂಕ್ಷನ್ ಬಂತು.

ಮೈಎಸ್‌ಕ್ಯೂಎಲ್‌ನ "ಯುಟಿಎಫ್8" ಬಗ್ಗೆಯೂ ಹೇಳಿಬಿಡುತ್ತೇನೆ. ಹೆಸರು ಹಾಗಿದ್ದರೂ ಅದು ಮೂರು ಬೈಟ್‌ವರೆಗಿನ ಅಕ್ಷರಗಳನ್ನು ಮಾತ್ರ ಹಿಡಿಯುತ್ತಿತ್ತು. ಕನ್ನಡಕ್ಕೆ ಮೂರೇ ಸಾಕು, ಹಾಗಾಗಿ ನಮಗೆ ಅನುಮಾನವೇ ಬರಲಿಲ್ಲ. ವಾಟ್ಸಾಪ್‌ನಿಂದ ಕಾಪಿ ಮಾಡಿದ ಸಂದೇಶದಲ್ಲಿ ಒಂದು ಎಮೋಜಿ ಬಂದ ದಿನ ಗೊತ್ತಾಯಿತು. ಅದಕ್ಕೆ ನಾಲ್ಕು ಬೈಟ್ ಬೇಕು. ಸೆಟ್ಟಿಂಗ್ ಸಡಿಲ ಇದ್ದರೆ ಆ ಎಮೋಜಿಯಿಂದ ಮುಂದಿನ ಬರಹವೆಲ್ಲ ಕತ್ತರಿಸಿ ಹೋಗುತ್ತಿತ್ತು. ಸರಿಯಾದ ಆಯ್ಕೆಯಾದ ಯುಟಿಎಫ್8ಎಂಬಿ4 ಬಂದದ್ದು 2010ರಲ್ಲಿ, ಅದೇ ಸಾಮಾನ್ಯ ಸೆಟ್ಟಿಂಗ್ ಆದದ್ದು 2018ರ 8.0ರಲ್ಲಿ. ಅದಕ್ಕೂ ಮೊದಲು ಬರೆದ ಪಾಠಗಳು ಇನ್ನೂ ಓಡಾಡುತ್ತಿವೆ.

ಐದು ಸಾಲಿನ ಟೇಬಲ್

ಹಾಗಾದರೆ ಯಾವ ಕೈಪಿಡಿಯನ್ನೂ ನಂಬಬಾರದೇ? ಹಾಗಲ್ಲ. ಕೈಪಿಡಿ ಇಲ್ಲದೆ ಕೆಲಸವೇ ಇಲ್ಲ. ನಾನು ಈಗ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಯಾವುದೇ ಹೊಸ ಉದಾಹರಣೆಯನ್ನು ನಿಜವಾದ ಲೆಕ್ಕದ ಮೇಲೆ ಓಡಿಸುವ ಮೊದಲು ಐದು ಸಾಲಿನ ಒಂದು ಚಿಕ್ಕ ಟೇಬಲ್ ಮೇಲೆ ಓಡಿಸುತ್ತೇನೆ.

ಒಂದು ಸಾಲು ಮಾಮೂಲಿ. ಒಂದರಲ್ಲಿ ಖಾಲಿ ಜಾಗ. ಒಂದು ಇನ್ನೊಂದರ ನಕಲು. ಒಂದು ಗಡಿಯ ಮೇಲಿನದು, ಅಂದರೆ 31ನೇ ತಾರೀಖು ಮಧ್ಯಾಹ್ನದಂಥದ್ದು. ಒಂದರಲ್ಲಿ ಕನ್ನಡದ ಹೆಸರು. ಕ್ವೆರಿ ಓಡಿಸುವ ಮೊದಲೇ ಉತ್ತರವನ್ನು ಕೈಯಲ್ಲಿ ಲೆಕ್ಕ ಹಾಕಿ ಹಾಳೆಯ ಮೇಲೆ ಬರೆದಿಡಬೇಕು. ಆ ಕ್ರಮ ಬಹಳ ಮುಖ್ಯ. ಪರದೆಯ ಉತ್ತರ ಮೊದಲು ನೋಡಿದರೆ ಮನಸ್ಸು ಅದಕ್ಕೇ ಒಪ್ಪಿಕೊಂಡುಬಿಡುತ್ತದೆ. ಲಕ್ಷ ಸಾಲಿನಲ್ಲಿ ಕಾಣದ ತಪ್ಪು ಐದು ಸಾಲಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅವತ್ತಿನ ನಾಟ್ ಇನ್ ಅನ್ನು ಈ ಟೇಬಲ್ ಮೇಲೆ ಓಡಿಸಿದ್ದರೆ ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು.

ಪುಸ್ತಕದ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಉದ್ಧರಣ ಚಿಹ್ನೆಗಳನ್ನು ಅಳಿಸಿ ಮತ್ತೆ ಟೈಪ್ ಮಾಡಿ. ಅಚ್ಚಿನಲ್ಲಿ ಅಂದಕ್ಕೆ ಬಾಗಿಸಿದ ಚಿಹ್ನೆಗಳನ್ನು ಡೇಟಾಬೇಸ್ ಒಪ್ಪುವುದಿಲ್ಲ. ಕಾಮೆಂಟ್‌ನ ಎರಡು ಗಿಡ್ಡ ಗೆರೆ ಸೇರಿ ಒಂದು ಉದ್ದ ಗೆರೆ ಆಗಿರುವುದೂ ಉಂಟು. ಇದು ಎರರ್ ಕೊಡುವ ತಪ್ಪು, ಅಷ್ಟೇನೂ ಅಪಾಯವಿಲ್ಲ.

ತಪ್ಪು ಸಿಕ್ಕಿದರೆ ತಿಳಿಸಿ. ಇದು ನನ್ನ ಕಳಕಳಿಯ ಮಾತು. ಪೋಸ್ಟ್‌ಗ್ರೆಸ್ ಕೈಪಿಡಿಯ ಪುಟದ ಮೇಲ್ಭಾಗದಲ್ಲಿ ವರ್ಷನ್ ಬದಲಿಸುವ ಕೊಂಡಿಗಳಿವೆ, ಕೆಳಗೆ ತಿದ್ದುಪಡಿ ಕಳಿಸುವ ಜಾಗ ಇದೆ. ಮೈಎಸ್‌ಕ್ಯೂಎಲ್‌ನವರು ದೋಷ ದಾಖಲಿಸುವ ವ್ಯವಸ್ಥೆಯಲ್ಲಿ ಕೈಪಿಡಿಗೇ ಬೇರೆ ವಿಭಾಗ ಇಟ್ಟಿದ್ದಾರೆ. ಒಳ್ಳೆಯ ವರದಿಗೆ ದೊಡ್ಡ ಇಂಗ್ಲಿಷ್ ಬೇಕಿಲ್ಲ. ಯಾವ ಪುಟ, ಯಾವ ವರ್ಷನ್, ಯಾವ ವಾಕ್ಯ. ಟೇಬಲ್ ಮಾಡುವ ಎರಡು ಸಾಲು, ಓಡಿಸಿದ ಕ್ವೆರಿ, ಬಂದ ಉತ್ತರ, ಬರಬೇಕಾಗಿದ್ದ ಉತ್ತರ. ಆ ವಾಕ್ಯ ಹೇಗಿದ್ದರೆ ಸರಿ ಅಂತ ನಿಮ್ಮದೇ ಒಂದು ಸಾಲು. "ನಾವು ಹಳ್ಳಿಯಿಂದ ಬಂದವರು, ನಮ್ಮ ಮಾತು ಯಾರು ಕೇಳ್ತಾರೆ" ಅಂತ ನಮ್ಮ ಹುಡುಗರು ಹಿಂಜರಿಯುತ್ತಾರೆ. ಕನ್ನಡ ಡೇಟಾ ಮೇಲೆ ಕ್ವೆರಿ ಓಡಿಸಿ ನೋಡುವವರು ನಾವೇ. ನಾವು ಹೇಳದಿದ್ದರೆ ಈ ತಪ್ಪುಗಳು ಅವರಿಗೆ ಕಾಣುವುದಾದರೂ ಹೇಗೆ?

ನೋಟ್ಸ್ ಬರೆಯುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಪ್ರತಿ ಉದಾಹರಣೆಯ ಕೆಳಗೆ ಮೂರು ವಿಷಯ ಬರೆಯಿರಿ: ಯಾವ ಡೇಟಾಬೇಸ್, ಯಾವ ವರ್ಷನ್, ಯಾವ ದಿನ ಓಡಿಸಿ ನೋಡಿದ್ದು. ಉತ್ತರವನ್ನು ಪರದೆಯಿಂದಲೇ ತಂದು ಹಾಕಿ, ಮನಸ್ಸಿನಿಂದ ಬರೆಯಬೇಡಿ.

ಕಳೆದ ಬ್ಯಾಚ್‌ನಲ್ಲಿ ಲಿಂಗಸುಗೂರಿನ ಒಬ್ಬ ಹುಡುಗಿ ಇದ್ದಳು. ಅಕ್ಕನಿಂದ ಬಂದ ಹಳೆಯ ಜೆರಾಕ್ಸ್ ಅವಳ ಹತ್ತಿರ ಇತ್ತು. ತೇವಾಂಶದ ಸರಾಸರಿ 9 ಬಂದ ದಿನ ಅವಳು "ಸರ್, ಇದರಾಗ ತಪ್ಪು ಬರದಾರ" ಅಂತ ಆ ಹಾಳೆ ತಂದು ತೋರಿಸಿದಳು. "ನಲ್ ಎಂದರೆ ಶೂನ್ಯ" ಅನ್ನುವ ಸಾಲಿನ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಳು. ಪಕ್ಕದ ಖಾಲಿ ಜಾಗದಲ್ಲಿ "ಗೊತ್ತಿಲ್ಲ ಅಂತ ಅರ್ಥ. ಓಡಿಸಿ ನೋಡಿದ್ದೇನೆ" ಅಂತ ಬರೆದು, ಕೆಳಗೆ ವರ್ಷನ್ ಮತ್ತು ತಾರೀಖು ಹಾಕಿದ್ದಳು. ಆ ಜೆರಾಕ್ಸ್ ಈಗ ಅವಳ ತಮ್ಮನ ಹತ್ತಿರ ಇದೆ.